ದೆವ್ವದ ಹಬ್ಬಕ್ಕೆ ಬಾಡಿಗೆ ಕಾರು

ಸತ್ತ ಮೇಲೆ ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂಬುದು ಲೋಕದ ಎಲ್ಲ ಜನಾಂಗಗಳನ್ನೂ ಕಾಡಿದ ಪ್ರಶ್ನೆ. ಎಂಥೆಂಥವರೋ ಇದರ ಮೇಲೆ ಆಯುಷ್ಯ ಸವೆಸಿದ್ದಾರೆ. ನನ್ನನ್ನು ಅದು ಕಾಡುವುದು ವರ್ಷಕ್ಕೆ ಒಂದೇ ಸಲ. ಅಕ್ಟೋಬರ್ ಕೊನೆಗೆ ಡಾರ್ಮ್‌ಸ್ಟಾಟ್‌ನ ನಮ್ಮ ಬೀದಿಯ ಅಂಗಡಿಯ ಮುಂದೆ ಕುಂಬಳಕಾಯಿ ರಾಶಿ ಬಿದ್ದಾಗ, ಹುಳಿಗೆ ಯಾವುದು ವಾಸಿ ಎಂದು ತಟ್ಟಿ ನೋಡುವಷ್ಟು ಹೊತ್ತು ಮಾತ್ರ.

ಇವತ್ತು ಒಂದನ್ನು ಆರಿಸಿ, ತೊಡೆಯ ಮೇಲಿಟ್ಟುಕೊಂಡು ಟ್ರ್ಯಾಮ್‌ನಲ್ಲಿ ಕೂತೆ. ಎದುರಿನ ಸೀಟಿನ ಹುಡುಗಿ ಕಾಯಿಯನ್ನೂ ನನ್ನನ್ನೂ ಒಂದೇ ಆಸಕ್ತಿಯಿಂದ ನೋಡಿ, ಇದಕ್ಕೆ ಮುಖ ಯಾವಾಗ ಕೊರೆಯುತ್ತೀರಿ ಎಂದು ಜರ್ಮನ್‌ನಲ್ಲಿ ಕೇಳಿದಳು. ಮುಖ ಕೊರೆಯುವುದಿಲ್ಲ, ತಿನ್ನುತ್ತೇನೆ ಎಂದೆ. ಅವಳ ತಾಯಿ ಅವಳನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡಳು. ಅಷ್ಟರಲ್ಲಿ ಟ್ರ್ಯಾಮ್ ಒಂದು ತಿರುವಿನಲ್ಲಿ ಗಕ್ಕನೆ ನಿಂತಿತು. ನನ್ನ ಬಲಗಾಲು ತಾನೇ ತಾನಾಗಿ ನೆಲವನ್ನು ಒತ್ತಿತು.

ಹೀಗೆ ಒತ್ತುವುದು ನನ್ನ ಸ್ವಂತ ಅಭ್ಯಾಸವಲ್ಲ, ಎರವಲು ತಂದದ್ದು. ಇದರ ಮೂಲ ಒಡತಿ ಶೈಲಜಾ ಅವರು, ನನ್ನ ಗೆಳೆಯ ರಘುವಿನ ಹೆಂಡತಿ. ಈ ಕುಂಬಳಕಾಯಿ ಹೋಗುತ್ತಿರುವುದೂ ಅವರ ಮನೆಗೇ. ದಾರಿ ಇನ್ನೂ ಇದೆ. ಅಷ್ಟರಲ್ಲಿ ನಿಮಗೆ ಹೇಳಿಬಿಡುತ್ತೇನೆ.

ಅವು ಗ್ರೀನ್ ಕಾರ್ಡಿನ ವರ್ಷಗಳು. ಅಮೆರಿಕದ್ದಲ್ಲ, ಜರ್ಮನಿಯದು. ಕಂಪ್ಯೂಟರ್ ಬಲ್ಲವರು ಬೇಕಾಗಿದ್ದಾರೆ ಎಂದು ಈ ದೇಶ ಕರೆಯಿತು. ನಾವು ಬಲ್ಲವರೆಂದು ಹೇಳಿಕೊಂಡು ಬಂದೆವು. ಐದು ವರ್ಷದ ಪರವಾನಗಿ. ನಾನೂ ರಘುವೂ ಒಂದೇ ಆಫೀಸು, ಒಂದೇ ಮಹಡಿಯಲ್ಲಿ ಎದುರು ಬದುರು ಬಾಗಿಲು. ಬಂದ ಮರುವರ್ಷ ಅವನು ಊರಿಗೆ ಹೋಗಿ ಮದುವೆಯಾಗಿ ಜೂನ್‌ನಲ್ಲಿ ಹೆಂಡತಿಯನ್ನು ಕರೆತಂದ. ಶೈಲಜಾ ತಿಪಟೂರಿನವರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ನವೆಂಬರ್‌ವರೆಗೆ ಸಂಬಳವಿಲ್ಲದ ರಜೆ ಹಾಕಿ ಬಂದಿದ್ದರು. ಅವರ ತಂದೆ ಊರಿನಲ್ಲಿ ಕಾರು ಕಲಿಸುವ ಶಾಲೆ ಇಟ್ಟಿದ್ದರು. ಕಲಿಯುವವರಿಗೊಂದು, ಕಲಿಸುವವರಿಗೊಂದು ಎಂದು ಎರಡು ಜೊತೆ ಪೆಡಲುಗಳ ಹಳೆಯ ಅಂಬಾಸಿಡರ್ ಆ ಶಾಲೆಯ ಆಸ್ತಿಯೂ ಹೌದು, ಗೋಡೆಗಳಿಲ್ಲದ ತರಗತಿಯೂ ಹೌದು. ಆ ಜೂನ್‌ನಿಂದ ನನ್ನ ರಾತ್ರಿಯ ಊಟ ಎದುರು ಮನೆಗೆ ವರ್ಗವಾಯಿತು. ಸಾರಿನ ವಿಷಯದಲ್ಲಿ ನಾನು ತಟಸ್ಥನಲ್ಲ ಎಂಬುದನ್ನು ಈಗಲೇ ತಿಳಿಸಿಬಿಡುವುದು ಒಳ್ಳೆಯದು.

ನಮ್ಮ ಪರವಾನಗಿಯಲ್ಲಿ ಗಂಡ ದುಡಿಯಬಹುದಿತ್ತು, ಹೆಂಡತಿ ಕಾಯಬೇಕಿತ್ತು. ಶೈಲಜಾ ಕಾದರು. ಕಿಟಕಿಯ ಗಾಜು ಒರೆಸಿದರು. ಒರೆಸಿದ ಗಾಜಿನಿಂದ ಟ್ರ್ಯಾಮ್‌ಗಳನ್ನು ನೋಡಿದರು. ನಾವು ಮೂವರೂ ಎಲ್ಲಿಗಾದರೂ ಹೊರಟರೆ, ಪ್ರತಿ ನಿಲ್ದಾಣ ಬರುವ ಮೊದಲು ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ರಘು ಅದನ್ನು ಕಂಡು ನನ್ನ ಕಿವಿಯಲ್ಲಿ, "ಪಾಪ, ಊರಿನ ನೆನಪು" ಎಂದಿದ್ದ. ಊರಿನ ನೆನಪು ಕಾಲಿಗೆ ಹೇಗೆ ಇಳಿಯಿತು ಎಂದು ನಾನೂ ಕೇಳಲಿಲ್ಲ.

ಸೆಪ್ಟೆಂಬರ್‌ನ ಒಂದು ಸಂಜೆ ಅವರು ಹುಳಿ ಬಡಿಸುತ್ತಾ, ಉಪ್ಪು ಮುಗಿದಿದೆ ಎನ್ನುವ ದನಿಯಲ್ಲೇ ಹೇಳಿದರು: "ರೀ, ನವೆಂಬರ್ ಟಿಕೆಟ್ ಇದೆಯಲ್ಲ, ಅದ್ರಲ್ಲಿ ನಾನು ಹೋಗ್ತೀನಿ. ಸ್ಕೂಲಿದೆ. ನೀವು ಐದು ವರ್ಷ ಮುಗಿಸ್ಕೊಂಡು ಬನ್ನಿ."

ಊಟವಾದ ಮೇಲೆ ರಘು ನನ್ನ ಹಿಂದೆಯೇ ನನ್ನ ಮನೆಗೆ ಬಂದು ಕುರ್ಚಿಯ ಮೇಲೆ ಕುಸಿದ.

"ಕೋಪ ಮಾಡ್ಕೊಂಡಿದ್ರೆ ಸಮಾಧಾನ ಮಾಡ್ಬಹುದಿತ್ತು ಗುರು. ಕೋಪಾನೇ ಇಲ್ವಲ್ಲೋ."

"ಏನು ಬೇಕಂತೆ?"

"ಏನೂ ಬೇಡ್ವಂತೆ. ಅದೇ ಭಯ."

ರಘು ಒಂದು ವಾರ ಯೋಚಿಸಿ, ರೋಗ ಬೇಸರ, ಔಷಧ ಪ್ರವಾಸ ಎಂದು ತೀರ್ಮಾನಿಸಿದ. ಆಫೀಸಿನಲ್ಲಿ ಎಲ್ಲರೂ ಹ್ಯಾಲೋವೀನ್ ಎಂಬ ದೆವ್ವದ ಹಬ್ಬದ ಬಗ್ಗೆ ಮಾತಾಡುತ್ತಿದ್ದರು. ಆಗ ಜರ್ಮನರಿಗೂ ಆ ಹಬ್ಬ ಹೊಸದು. ಅಂಗಡಿಯವರು ಅವರಿಗೆ ಕಲಿಸುತ್ತಿದ್ದರು, ಅವರು ಶ್ರದ್ಧೆಯಿಂದ ಕಲಿಯುತ್ತಿದ್ದರು. ಡಾರ್ಮ್‌ಸ್ಟಾಟ್ ಹತ್ತಿರದ ಗುಡ್ಡದ ಮೇಲಿನ ಹಾಳು ಕೋಟೆಯಲ್ಲಿ ಸಂಜೆ ದೆವ್ವದ ವೇಷದವರು ಜನರ ಮೇಲೆ ಹಾರಿ ಬೀಳುತ್ತಾರಂತೆ. ಸ್ಟುಟ್‌ಗಾರ್ಟ್ ಕಡೆಯ ಒಂದು ಅರಮನೆಯ ತೋಟದಲ್ಲಿ ಕುಂಬಳಕಾಯಿಗಳಿಂದ ಆನೆ ಒಂಟೆ ಮಾಡಿ ನಿಲ್ಲಿಸಿದ್ದಾರಂತೆ. ಬೆಳಿಗ್ಗೆ ಕಾಯಿ, ಸಂಜೆ ದೆವ್ವ, ನಡುವೆ ಬಾಡಿಗೆ ಕಾರಿನಲ್ಲಿ ಬಣ್ಣ ತಿರುಗಿದ ಕಾಡು. ಇಷ್ಟನ್ನು ಕಂಡ ಹೆಂಗಸು ತಿಪಟೂರಿಗೆ ಹೋಗಲಾರಳು ಎಂಬುದು ರಘುವಿನ ನಂಬಿಕೆ. ಸಾರಿನ ಹಿತದೃಷ್ಟಿಯಿಂದ ನಾನೂ ನಂಬಿದೆ.

ಯೋಜನೆ ನಡೆದದ್ದು ಶೈಲಜಾ ಅವರ ಅಡುಗೆಮನೆಯ ಮೇಜಿನ ಮೇಲೆ. ಭೂಪಟ ಹಾಸಿದೆವು. ರಘು ಆಫೀಸಿನ ಕೆಲಸಕ್ಕೆ ಮಾಡುವಂತೆಯೇ ಇದಕ್ಕೂ ಕಂಪ್ಯೂಟರಿನಲ್ಲಿ ಬಣ್ಣದ ಪಟ್ಟಿಗಳನ್ನೆಳೆದ. ಅಪಾಯಗಳು ಎಂಬ ಅಂಕಣದಲ್ಲಿ ಮಳೆ, ಮಂಜು, ಲ್ಯಾನ್ಸಿಯ ಹಾಡು ಎಂದು ಬರೆದ. ಲ್ಯಾನ್ಸಿ ನಮ್ಮ ಮಂಗಳೂರಿನ ಗೆಳೆಯ, ಸ್ಟುಟ್‌ಗಾರ್ಟ್‌ನ ಫೊಯರ್‌ಬಾಕ್‌ನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಶಿರಾಡಿ ಘಾಟಿಯಲ್ಲಿ, ಮಳೆಗಾಲದಲ್ಲಿ, ವೈಪರ್ ಇಲ್ಲದ ಜೀಪನ್ನು ತಾನು ಇಳಿಸಿದ ಕಥೆಯನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಕೇಳಿದವರಿಗೆ ತಾವೂ ಆ ಜೀಪಿನಲ್ಲಿದ್ದ ನೆನಪು ಬರುತ್ತಿತ್ತು. ರಘು ಅವನಿಗೆ ಫೋನು ಮಾಡಿದ.

"ನೀನು ಕ್ರಿಶ್ಚಿಯನ್ ಅಲ್ವೇನೋ, ಈ ಹಬ್ಬದ್ದು ನಿಂಗೆ ಗೊತ್ತಿರ್ಬೇಕು."

"ಎಂತ ಗೊತ್ತಿರೂದು ಮಾರಾಯ? ನಮ್ಮಲ್ಲಿ ದೆವ್ವದ ಹಬ್ಬ ಇಲ್ಲ. ನಾವು ನವೆಂಬರ್ ಎರಡನೇ ತಾರೀಕಿಗೆ ಸಿಮೆಟ್ರಿಗೆ ಹೋಗಿ ಕ್ಯಾಂಡಲ್ ಹಚ್ಚೂದು. ಸತ್ತವರಿಗೆ ನಾವು ಮರ್ಯಾದೆ ಕೊಡ್ತೇವೆ, ವೇಷ ಹಾಕೂದಿಲ್ಲ."

"ಹಾಗಾದ್ರೆ ಬರಲ್ವಾ?"

"ಬರೂದಿಲ್ಲ ಅಂತ ಯಾರು ಹೇಳಿದ್ದು?"

ನಮ್ಮ ತಟ್ಟೆಗೆ ಉಪ್ಪಿಟ್ಟು ಹಾಕುತ್ತಿದ್ದ ಶೈಲಜಾ ಒಂದೇ ಒಂದು ಪ್ರಶ್ನೆ ಕೇಳಿದರು: "ಕಾರು ಯಾರು ಓಡಿಸ್ತಾರೆ?"

"ಅದೆಲ್ಲ ನಾವು ನೋಡ್ಕೋತೀವಿ" ಎಂದ ರಘು, ಭೂಪಟದಿಂದ ತಲೆಯೆತ್ತದೆ. "ನೀನು ಪುಳಿಯೋಗರೆ ಕಡೆ ಗಮನ ಕೊಡು."

ಅವರು ಪುಳಿಯೋಗರೆ ಕಡೆ ಗಮನ ಕೊಟ್ಟರು. ಬಣ್ಣದ ಪಟ್ಟಿಗಳಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ರಘು ಲ್ಯಾನ್ಸಿಯನ್ನು ನಂಬಿದ್ದ. ಲ್ಯಾನ್ಸಿ, ಕಾರು ರಘುವಿನ ಹೆಸರಿನಲ್ಲಿರುವುದರಿಂದ ರಘುವನ್ನು ನಂಬಿದ್ದ. ಭೂಪಟ ಹಿಡಿಯುವ ಹುದ್ದೆ ಸಿಕ್ಕಿದ್ದರಿಂದ ನಾನು ಇಬ್ಬರನ್ನೂ ನಂಬಿದ್ದೆ. ನನ್ನ ಹತ್ತಿರವೂ ಒಂದು ಲೈಸೆನ್ಸ್ ಇತ್ತೆನ್ನಿ. ಮೈಸೂರಿನ ಮೈದಾನದಲ್ಲಿ ಎಂಟರ ಆಕಾರದಲ್ಲಿ ಗಾಡಿ ಓಡಿಸಿ ತೋರಿಸಬೇಕಿತ್ತು. ನಾನು ಹಾಕಿದ್ದು ಸೊನ್ನೆ. ಇನ್‌ಸ್ಪೆಕ್ಟರ್ ಸಾಹೇಬರು ಊಟಕ್ಕೆ ಹೊರಟಿದ್ದರು. ಅರ್ಧ ಎಂಟು ಎಂದು ಪರಿಗಣಿಸಿದರೋ ಏನೋ.

ಅಕ್ಟೋಬರ್ ಕೊನೆಯ ಶನಿವಾರ ಬೆಳಿಗ್ಗೆ ನಾವು ನಾಲ್ವರೂ ಸ್ಟೇಷನ್ ಪಕ್ಕದ ಕಾರು ಬಾಡಿಗೆಯವರ ಕೌಂಟರಿನ ಮುಂದೆ ನಿಂತೆವು. ಲ್ಯಾನ್ಸಿ ಹಿಂದಿನ ದಿನವೇ ರೈಲಿನಲ್ಲಿ ಬಂದಿದ್ದ. ಕೌಂಟರಿನ ಹೆಂಗಸು ರಘುವಿನ ಲೈಸೆನ್ಸನ್ನು, ಆಮೇಲೆ ಪಾಸ್‌ಪೋರ್ಟಿನ ವೀಸಾ ಪುಟವನ್ನು ನೋಡಿ, ಭಾರತದ ಲೈಸೆನ್ಸ್ ಇಲ್ಲಿ ನಡೆಯುವುದು ಬಂದು ನೆಲೆಸಿದ ಆರು ತಿಂಗಳು ಮಾತ್ರ, ಆಮೇಲೆ ಇಲ್ಲಿನ ಪರೀಕ್ಷೆ ಪಾಸು ಮಾಡಬೇಕು ಎಂದು ಸೌಮ್ಯವಾಗಿ ಹೇಳಿದಳು. ರಘು ಲ್ಯಾನ್ಸಿಯ ಕಡೆ ನೋಡಿದ. ಲ್ಯಾನ್ಸಿ ತನ್ನದನ್ನು ಮುಂದೆ ಮಾಡಿದ. ಅದೂ ಸತ್ತಿತ್ತು. ಯಾರೂ ಕೇಳದಿದ್ದರೂ, ಮರ್ಯಾದೆಗೆಂದು ನಾನು ನನ್ನದನ್ನೂ ಇಟ್ಟೆ. ಮೂರು ಲೈಸೆನ್ಸ್‌ಗಳು ಕೌಂಟರಿನ ಮೇಲೆ ಸಾಲಾಗಿ ಮಲಗಿದ್ದವು. ಈ ದೇಶದಲ್ಲಿ ನಮ್ಮ ಹಿರಿತನಕ್ಕೆ ಸಾಕ್ಷಿಯಾಗಿ.

"ಶಿರಾಡಿ ಘಾಟಿ ಅಂತಿದ್ಯಲ್ಲೋ!" ಎಂದ ರಘು.

"ಘಾಟಿಯಲ್ಲಿ ವೀಸಾ ಕೇಳೂದಿಲ್ಲ ಮಾರಾಯ."

ರಘುವಿನ ಮುಖ ನೋಡಲಾಗುತ್ತಿರಲಿಲ್ಲ. ಅವನ ಪ್ರವಾಸವೂ ಸಂಸಾರವೂ ಒಂದೇ ಕೌಂಟರಿನಲ್ಲಿ ನಿಂತುಹೋಗಿದ್ದವು. ಆಗ ಹಿಂದಿನಿಂದ ಶೈಲಜಾ, "ಸ್ವಲ್ಪ ಜಾಗ ಬಿಡಿ" ಎಂದರು. ಕೈಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ತಮ್ಮ ಲೈಸೆನ್ಸನ್ನೂ ಅಂತರರಾಷ್ಟ್ರೀಯ ಪರ್ಮಿಟ್ಟಿನ ಪುಟ್ಟ ಪುಸ್ತಕವನ್ನೂ ತೆಗೆದಿಟ್ಟರು. ಜೂನ್‌ನಲ್ಲಿ ಬಂದವರು, ಆರು ತಿಂಗಳು ಇನ್ನೂ ತುಂಬಿರಲಿಲ್ಲ. ಕೌಂಟರಿನ ಹೆಂಗಸು ಎರಡನ್ನೂ ನೋಡಿ ತಲೆಯಾಡಿಸಿ ಕೀಲಿಕೈ ಕೊಟ್ಟಳು.

"ಇದು ಯಾವಾಗ ಮಾಡಿಸಿದ್ದೆ?" ರಘು ಆ ಪುಟ್ಟ ಪುಸ್ತಕವನ್ನು ತಿರುಗಿಸಿ ನೋಡಿದ.

"ಅಪ್ಪ ಮಾಡಿಸಿ ಕೊಟ್ಟಿದ್ರು. ನೀವು ಯಾರೂ ಕೇಳ್ಲಿಲ್ಲ."

ಹೊರಗೆ ಅಂಗಳದಲ್ಲಿ ಬೂದು ಬಣ್ಣದ ಕಾರು ನಿಂತಿತ್ತು. ಶೈಲಜಾ ಊಟದ ಬುಟ್ಟಿಯಿಂದ ನಾಲ್ಕು ನಿಂಬೆಹಣ್ಣು ತೆಗೆದು ನಾಲ್ಕು ಚಕ್ರಗಳ ಕೆಳಗಿಟ್ಟರು. ಓಡಿಸುವವರು ಯಾರೆಂದು ಗೊತ್ತಿಲ್ಲದ ಕಾರಿಗೆ ಇರಲಿ ಎಂದು ಮನೆಯಿಂದಲೇ ತಂದಿದ್ದರಂತೆ. ಅವರು ಒಳಗೆ ಕೂತು ಕಾರನ್ನು ಮುಂದೆ ಸರಿಸಿದಾಗ ಹಣ್ಣುಗಳು ಪಚಕ್ಕೆಂದವು. ಕೌಂಟರಿನ ಹೆಂಗಸು ಕಾಫಿ ಕಪ್ಪಿನೊಂದಿಗೆ ಹೊರಬಂದು ಒದ್ದೆ ನೆಲವನ್ನು ಬಗ್ಗಿ ನೋಡಿದಳು. ಕಾರಿನಿಂದ ಸೋರುವ ಎಣ್ಣೆಗಳಲ್ಲಿ ನಿಂಬೆಯ ವಾಸನೆಯದು ಇಲ್ಲವೆಂದು ಖಚಿತವಾದ ಮೇಲೆ ಸುಮ್ಮನಾದಳು.

ನಾವು ಮೂವರು ಬಾಗಿಲಿಗೆ ಕೈಹಾಕಿದೆವು.

"ಇರಿ" ಎಂದರು ಶೈಲಜಾ. "ಸ್ಟೀರಿಂಗ್ ಎಡಗಡೆ ಇದೆ. ಮೊದ್ಲು ಎಂಟು ಹಾಕ್ಬೇಕು."

ಆ ಖಾಲಿ ಅಂಗಳದಲ್ಲಿ ಅವರು ಎಂಟು ಹಾಕಿದರು. ಮೊದಲು ನಿಧಾನವಾಗಿ, ಆಮೇಲೆ ಬೇಗ, ಆಮೇಲೆ ಹಿಮ್ಮುಖವಾಗಿ. ಎಲ್ಲೂ ಸೊಂಟ ಉಳುಕದ ದುಂಡನೆಯ ಎಂಟು. ಕೌಂಟರಿನ ಹೆಂಗಸು ಒಳಗೆ ಹೋಗಿ ಇನ್ನೊಬ್ಬನನ್ನು ಕರೆತಂದು ತೋರಿಸಿದಳು. ರಘು ಬಾಯಿ ತೆರೆದು ನಿಂತಿದ್ದ. ನಾನು ನೋಡಿದ್ದು ಶೈಲಜಾ ಅವರ ಮುಖ. ಜೂನ್‌ನಿಂದ ನಾನು ಕಂಡಿದ್ದ ಹೆಂಗಸು ಆ ಕಾರಿನಲ್ಲಿರಲಿಲ್ಲ.

ಆಟೋಬಾನ್ ಎಂಬ ಇಲ್ಲಿನ ಹೆದ್ದಾರಿಯಲ್ಲಿ ಹಲವು ಕಡೆ ವೇಗಕ್ಕೆ ಮಿತಿಯಿಲ್ಲ ಎಂದು ನೀವು ಕೇಳಿರಬಹುದು. ಶೈಲಜಾ ಅವರೂ ಕೇಳಿದ್ದರು. ಮ್ಯಾನ್‌ಹೈಮ್ ದಾಟುವ ಹೊತ್ತಿಗೆ ಲ್ಯಾನ್ಸಿಯ ಜಪಮಾಲೆ ಹೊರಬಂದಿತ್ತು. ಬಣ್ಣ ತಿರುಗಿದ ಕಾಡು ಎರಡೂ ಕಡೆ ಒಂದೇ ಗೆರೆಯಾಗಿ ಹೋಯಿತು. ನನ್ನ ಬಲಗಾಲು, ಅಲ್ಲಿಲ್ಲದ ಬ್ರೇಕನ್ನು ಹುಡುಕುತ್ತಾ, ನೆಲವನ್ನು ಒತ್ತಲು ಕಲಿತದ್ದು ಅಲ್ಲಿಯೇ.

"ಸ್ವಲ್ಪ ಮೆಲ್ಲ ಹೋಗಿ ಮಾರಾಯ್ರೆ" ಎಂದ ಲ್ಯಾನ್ಸಿ. "ಹ್ಯಾಲೋವೀನಿಗೆ ನೋಡ್ಲಿಕ್ಕೆ ಹೋಗೂದು. ಸೇರ್ಲಿಕ್ಕೆ ಅಲ್ಲ."

"ಲ್ಯಾನ್ಸಿ ಅವ್ರೇ, ಘಾಟಿಯಲ್ಲಿ ಜೀಪ್ ಇಳಿಸಿದೋರು ನೀವು. ಕಣ್ಣು ಮುಚ್ಕೋಬೇಡಿ, ಹಿಂದಿನ ಗಾಡಿ ನೋಡಿ ಹೇಳಿ."

ಅರಮನೆಯ ತೋಟದಲ್ಲಿ ಕುಂಬಳಕಾಯಿಯ ಆನೆ, ಒಂಟೆ ಎಲ್ಲವೂ ಇದ್ದವು. ಒಳಗನ್ನು ಕೊರೆದು ದೀಪವಿಟ್ಟ ಕಾಯಿಗಳ ಸಾಲೂ ಇತ್ತು. ನಮ್ಮಲ್ಲೂ ಆಯುಧಪೂಜೆಗೆ ಕುಂಬಳಕಾಯಿ ಕೊರೆದು ಕುಂಕುಮ ತುಂಬುತ್ತೇವೆ. ಆದರೆ ಅದಕ್ಕೆ ಮುಖ ಮಾಡುವ ತಾಳ್ಮೆ ನಮಗಿಲ್ಲ. ರಸ್ತೆಯಲ್ಲಿ ಒಡೆಯುತ್ತೇವೆ, ಹಿಂದೆ ಬಂದ ಸ್ಕೂಟರಿನವನು ಜಾರುತ್ತಾನೆ. ಭಯದ ಸೃಷ್ಟಿಯಲ್ಲಿ ನಮ್ಮದೇ ನೇರ ದಾರಿ ಎಂದು ನಾನು ಹೇಳುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಬೆಂಚಿನ ಮೇಲೆ ಪುಳಿಯೋಗರೆ ಬಿಚ್ಚಿದ್ದರು.

"ಅಲ್ಲ, ಇಷ್ಟು ಚೆನ್ನಾಗಿ ಓಡಿಸ್ತೀಯ, ಒಂದಿನ ಹೇಳಬಾರ್ದಾ?" ಎಂದ ರಘು.

ಶೈಲಜಾ ಅವನ ತಟ್ಟೆಗೆ ಇನ್ನಷ್ಟು ಪುಳಿಯೋಗರೆ ಹಾಕಿದರು. "ಇಲ್ಲಿಗೆ ಬಂದಾಗಿಂದ, ಕೂತ್ಕೋ, ರೆಸ್ಟ್ ತಗೋ, ನಾವು ನೋಡ್ಕೋತೀವಿ ಅಂತಲೇ ಎಲ್ರೂ ಹೇಳಿದ್ದು. ನನ್ನಿಂದ ಒಂದು ಕೆಲ್ಸ ಆಗ್ಬೇಕು ಅಂತ ಬಂದಿದ್ದು ಇವತ್ತೇ ಮೊದ್ಲು ರೀ."

ರಘು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡಿದ್ದ. ಅದನ್ನು ತಟ್ಟೆಗೆ ಮರಳಿಸಿ ಕೇಳಿದ: "ಹಾಗಾದ್ರೆ ಟಿಕೆಟ್ಟು?"

"ಮೊದ್ಲು ಊಟ ಮಾಡಿ. ಸಂಜೆ ದೆವ್ವ ನೋಡ್ಬೇಕಲ್ಲ."

ದೆವ್ವಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮುಸ್ಸಂಜೆಗೆ ಕೋಟೆ ಹತ್ತಿದೆವು. ಸರಪಳಿ ಎಳೆಯುವವರು, ತಲೆ ಕಂಕುಳಲ್ಲಿ ಇಟ್ಟುಕೊಂಡವರು, ಎಲ್ಲರೂ ತಮ್ಮ ತಮ್ಮ ಮೂಲೆಗಳಿಂದ ಶ್ರದ್ಧೆಯಿಂದ ಹಾರಿದರು. ಆಟೋಬಾನಿನಿಂದ ಇಳಿದು ಬಂದ ನಮ್ಮಲ್ಲಿ ಹೆದರುವುದಕ್ಕೆ ಏನೂ ಉಳಿದಿರಲಿಲ್ಲ. ಒಂದು ದೆವ್ವವಂತೂ ಲ್ಯಾನ್ಸಿಯ ಮುಖ ನೋಡಿ, ಹುಷಾರಾಗಿದ್ದೀರಾ ಎಂದು ಕೇಳಿತು.

ಕೆಳಗೆ ಕಾರು ನಿಲ್ಲಿಸಿದ್ದ ಹುಲ್ಲುಗಾವಲು ಮಳೆಗೆ ನೆಂದು ಕೆಸರಾಗಿತ್ತು. ಪಾಳಿ ಮುಗಿಸಿದ ದೆವ್ವವೊಂದು ತನ್ನ ಪುಟ್ಟ ಕಾರನ್ನು ಹೊರತೆಗೆಯಲು ಹೆಣಗುತ್ತಿತ್ತು. ಚಕ್ರ ತಿರುಗಿದಷ್ಟೂ ಹೂಳುತ್ತಿತ್ತು. ಶೈಲಜಾ ನೇರ ಹೋಗಿ ಬಾಗಿಲು ತೆರೆದು, ಇಳಿ ಎಂದು ಕೈಸನ್ನೆ ಮಾಡಿದರು. ಸುಣ್ಣದಂಥ ಮುಖದ ಆ ಹುಡುಗ ಸರಪಳಿ ಸಮೇತ ಇಳಿದ. "ಚಕ್ರದ ಕೆಳಗೆ ಮ್ಯಾಟ್ ಹಾಕಿ. ರೀ, ನೀವು ಎಡಗಡೆ. ನಾನು ಹೇಳೋವರ್ಗೂ ತಳ್ಳಬೇಡಿ. ಹ್ಞಾಂ, ಈಗ!" ಒಬ್ಬ ಗಂಡ, ಒಬ್ಬ ಮಂಗಳೂರಿನವ, ಒಂದು ದೆವ್ವ ಮತ್ತು ನಾನು ಒಟ್ಟಿಗೆ ತಳ್ಳಿದೆವು. ಕಾರು ಮೇಲೆ ಬಂತು. ದೆವ್ವ ಎರಡು ಕೈಯಿಂದ ಶೈಲಜಾ ಅವರ ಕೈ ಕುಲುಕಿತು.

ಕತ್ತಲಾದ ಮೇಲೆ ಮನೆಗೆ ಹೊರಟೆವು. ನಮ್ಮ ಬೀದಿಯ ತಿರುವಿನಲ್ಲಿ, ಕನ್ನಡಿ ನೋಡುತ್ತಲೇ ಶೈಲಜಾ ಕೇಳಿದರು:

"ರೀ, ಇಲ್ಲಿನ ಲೈಸೆನ್ಸ್ ಪರೀಕ್ಷೆಗೆ ಎಲ್ಲಿ ಹೆಸ್ರು ಕೊಡ್ಬೇಕು? ನಂದು ಡಿಸೆಂಬರ್‌ಗೆ ಮುಗಿಯುತ್ತಲ್ಲ."

ಟಿಕೆಟ್ ನವೆಂಬರಿನದು. ಹಿಂದಿನ ಸೀಟಿನಲ್ಲಿ ಭೂಪಟ ಹಿಡಿದು ಕೂತವನಿಗೂ ಇಷ್ಟು ಗಣಿತ ಬರುತ್ತಿತ್ತು. ರಘು ಕಿಟಕಿಯ ಕಡೆ ಮುಖ ತಿರುಗಿಸಿ, ಎಷ್ಟೋ ಹೊತ್ತು ಮೂಗು ಒರೆಸಿಕೊಂಡ. ಕೆಸರಿನಲ್ಲಿ ಶೀತವಾಗಿದೆ ಎಂದ.

ಟ್ರ್ಯಾಮ್ ಈಗ ಅವರ ನಿಲ್ದಾಣಕ್ಕೆ ಬಂದಿದೆ. ಎದುರಿನ ಹುಡುಗಿ ಇಳಿಯುವ ನನ್ನನ್ನು ಕಂಡು ಕುಂಬಳಕಾಯಿಗೆ ಕೈಬೀಸಿದಳು. ಬಾಗಿಲು ತೆರೆದ ಶೈಲಜಾ ಕಾಯಿಯನ್ನು ತಟ್ಟಿ ನೋಡಿ, "ಎಳಸು ತಂದಿದ್ದೀರಿ. ಇರ್ಲಿ, ಒಳಗೆ ಬನ್ನಿ" ಎಂದರು. ಬಾಗಿಲ ಪಕ್ಕದ ಮೊಳೆಯಲ್ಲಿ ಕಾರಿನ ಕೀಲಿಕೈ ತೂಗುತ್ತಿತ್ತು. ಅದು ಯಾರದೆಂದು ಈಗ ಯಾರೂ ಕೇಳಬೇಕಾಗಿಲ್ಲ.

ನವೆಂಬರಿನ ಆ ಟಿಕೆಟ್ ರದ್ದಾಯಿತು. ಶೈಲಜಾ ಮರುವರ್ಷ ಇಲ್ಲಿನ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದರು. ರಘು ಮೂರನೆಯ ಸಲಕ್ಕೆ. ನಾನು ಟ್ರ್ಯಾಮ್‌ನಲ್ಲಿ ಓಡಾಡುತ್ತೇನೆ.