ಜಯನಗರದ ಪೆಂಡಾಲಿನಲ್ಲಿ ಕ್ವಾಹಾಡಿ ಬಳಗದ ಹರಿಕಥೆ

ಹಿರಿಯರಲ್ಲಿ ವಿನಯ, ಶ್ರುತಿಯಲ್ಲಿ ನಿಷ್ಠೆ, ಹಸಿದು ಬಂದವರಿಗೆ ಅನ್ನವಿಡುವ ಕೈ, ಓದಿನಲ್ಲಿ ತಣಿಯದ ದಾಹ, ಹಿಡಿದ ಹಟವನ್ನು ನಗುನಗುತ್ತಲೇ ಸಾಧಿಸುವ ಧೈರ್ಯ: ಇಷ್ಟೂ ಗುಣಗಳು ಕೂಡಿ ಬಾಳಲೊಂದು ಮನೆ ಹುಡುಕುತ್ತ ಜಯನಗರಕ್ಕೆ ಬಂದು ಕಾತ್ಯಾಯಿನಿಯಲ್ಲಿ ನೆಲೆಸಿದವು. ಹಗಲು ಪ್ರೌಢಶಾಲೆಯಲ್ಲಿ ಚರಿತ್ರೆಯ ಪಾಠ; ಸಂಜೆ, ತಂದೆಯಿಂದ ಕಲಿತ ಹರಿಕಥೆ.

೧೯೭೮ರ ರಾಮನವಮಿಗೆ ಆಕೆ ಬೇಡಿದ್ದು ಒಂದೇ ಸಂಜೆ. ಅಮೆರಿಕದ ಬಯಲುಗಳಲ್ಲಿ ಕುದುರೆಯೇರಿ ಬಾಳಿದ ಕೊಮಾಂಚಿ ಕುಲದ ಕಥೆಯನ್ನು ಹೇಳಬೇಕು. ಪೆಂಡಾಲು ಸಮಿತಿಯ ಅನಂತರಾಮು ತಲೆ ಕೆರೆದುಕೊಂಡರು.

"ರಾಮನ ಪೆಂಡಾಲಲ್ಲಿ ರೆಡ್ ಇಂಡಿಯನ್ನಾ ಮೇಡಂ? ಆಗ್ಲಿ. ಏಳಕ್ಕೆ ಪಿಟೀಲಿನವರು ಬರ್ತಾರೆ, ಅಷ್ಟರಲ್ಲಿ ಮುಗಿಸಿ. ಜನ ಎದ್ದು ಹೋದ್ರೆ ಮುಂದಿನ ವರ್ಷ ನಿಮ್ಮನ್ನ ಕರೆಯೋದು ನನ್ನ ಕೈಲಾಗಲ್ಲ."

ಕಾತ್ಯಾಯಿನಿಯ ಕೈಯಲ್ಲಿ ಚಿಟಿಕೆ ತಾಳ ಮಿಡಿಯಿತು. ಕೊಮಾಂಚಿಗಳಲ್ಲೇ ಜಿಂಕೆಯ ಹೆಸರು ಹೊತ್ತ ಕ್ವಾಹಾಡಿ ಬಳಗ ಪಾನಕದ ಕೊಳಗಗಳ ನಡುವೆ ದೂಳೆಬ್ಬಿಸಿ ಬಂದಿತು. ನಾಯಕ ಪೇಟಾ ನೊಕೋನಾ ಬಂದ. ಬಿಳಿಯ ವಲಸಿಗರ ಮನೆಯಿಂದ ಸೆರೆಯಾಗಿ ಬಂದು, ಕೊಮಾಂಚಿಯಾಗಿಯೇ ಬೆಳೆದು ಅವನ ಕೈಹಿಡಿದವಳು ಬಂದಳು. ಆಕೆಯನ್ನು ಬಿಳಿಯರ ಸೈನಿಕರು ಮರಳಿ ಎಳೆದೊಯ್ದಾಗ ಮಗ ಕ್ವಾನಾ ಇನ್ನೂ ಬಾಲಕ. ಸೆರಗುಗಳು ಕಣ್ಣಿಗೇರಿದವು. ಮುಂದೊಂದು ದಿನ ಕಣಿವೆಯಲ್ಲಿ ಸೈನ್ಯವು ಕುಲದ ಸಾವಿರಕ್ಕೂ ಮಿಕ್ಕಿ ಕುದುರೆಗಳನ್ನು ಗುಂಡಿಕ್ಕಿ ಕೊಂದಿತೆನ್ನುವಷ್ಟರಲ್ಲಿ ಪಿಟೀಲಿನ ಪೆಟ್ಟಿಗೆ ಒಳಬಂದಿತು.

"ಮೇಡಂ, ಮಂಗಳ ಹಾಡ್ಬಿಡಿ," ಎಂದರು ಅನಂತರಾಮು.

ಕಾತ್ಯಾಯಿನಿಯ ಚಿಟಿಕೆ ನಿಂತಿತು. ಮುಂದಿನ ಸಾಲಿನಿಂದ ಮೀನಾಕ್ಷಮ್ಮಜ್ಜಿ ಗುಡುಗಿದರು:

"ಏನೋ ಅನಂತು, ಕುದುರೆ ಸತ್ತ ಕಡೆ ಮಂಗಳವೇನೋ? ನಿಮ್ಮಜ್ಜಿ ಇದ್ದಿದ್ರೆ ಕಿವಿ ಹಿಂಡೋರು. ಪಟ್ಟಾಭಿಷೇಕ ಆಗೋವರ್ಗೂ ನಾನಂತೂ ಏಳಲ್ಲ. ಇದೆ ತಾನೇ ಕಾತ್ಯಾಯಿನಿ?"

ಅಶುಭದಲ್ಲಿ ಕಥೆ ನಿಲ್ಲಿಸಬಾರದೆಂಬುದನ್ನು ಅನಂತರಾಮುವೂ ಬಲ್ಲರು. ಆದರೆ ಕಾತ್ಯಾಯಿನಿ ಪಟ್ಟಾಭಿಷೇಕವನ್ನು ಎಲ್ಲಿಂದ ತಂದಾಳು? ಆ ಕುಲದಲ್ಲಿ ಕಿರೀಟವೇ ಇಲ್ಲ. ಜನ ಮನಸಾರೆ ಯಾರ ಹಿಂದೆ ನಡೆಯುವರೋ ಅವನೇ ನಾಯಕ.

"ಇದೆ ಅಜ್ಜಿ," ಎಂದಳು.

"ಹಾಗಾದ್ರೆ ನಾನೂ ಕೇಳ್ತೀನಿ," ಎಂದು ಪಿಟೀಲಿನವರು ಚಾಪೆಯ ಮೇಲೆ ಕುಳಿತೇಬಿಟ್ಟರು.

ಬೆಳೆದು ನಾಯಕನಾದ ಕ್ವಾನಾ ಹಸಿದ ಬಳಗವನ್ನು ಸೈನ್ಯದ ಕೋಟೆಯತ್ತ ನಡೆಸಿ, ಶರಣಾಗಿ ಉಳಿಸಿದ. ಸೋತ ಮೇಲೂ ಜನ ಅವನನ್ನೇ ನೆಚ್ಚಿದರು. ಮಾಡಿನ ಮೇಲೆ ನಕ್ಷತ್ರ ಬರೆಸಿ ದೊಡ್ಡ ಮನೆ ಕಟ್ಟಿದ; ದೂರದಲ್ಲೆಲ್ಲೋ ಮಣ್ಣಾಗಿದ್ದ ತಾಯಿಯ ಅಸ್ಥಿಯನ್ನು ತನ್ನ ನೆಲಕ್ಕೆ ತಂದುಕೊಂಡ.

"ತಾಯಿಯನ್ನು ಮನೆಗೆ ಕರೆತಂದ ಮಗನಿಗೆ ಬೇರೆ ಕಿರೀಟವೇಕೆ?" ಎಂದು ಕಾತ್ಯಾಯಿನಿ ಮಂಗಳವೆತ್ತಿದಾಗ ಪೆಂಡಾಲೇ ದನಿಗೂಡಿಸಿತು. ಅನಂತರಾಮು ತಾವೇ ಕರ್ಪೂರ ಹಚ್ಚಿದರು.

"ಮುಂದಿನ ವರ್ಷ ಯಾವ ಕುಲ ಮೇಡಂ? ಈಗ್ಲೇ ಹೇಳಿ, ಕರಪತ್ರ ಅಚ್ಚು ಹಾಕಿಸ್ಬೇಕು."

ಶ್ರೀರಾಮನು ಆ ಕಂಠವನ್ನು ಕಾಯಲಿ. ತಾಳ ಹಿಡಿಯುವ ಪತಿ ಸೇತುರಾಮನಿಗೆ ದೀರ್ಘಾಯುಷ್ಯವಿರಲಿ. ಅವರ ಹೊಸಿಲು ತುಳಿದವರು ಅನ್ನವನ್ನೂ ಕಥೆಯನ್ನೂ ಉಂಡು ತಣಿಯಲಿ.