ಸ್ಟಾಪ್ ದಾಟಿ ಬರುವ ಹುಡುಗಿ

ನನ್ನ ಗಂಡ ಕಾಲೇಜು ಬಸ್ಸಿನ ಡ್ರೈವರ್. ಹುಡುಗರು ಇಟ್ಟ ಹೆಸರು ಹಾರ್ನ್ ಅಂಕಲ್. ಗಂಟಲು ಹಾಗಿದೆ. ಆದರೆ ಆ ಗಂಟಲಿಗೂ ಬಗ್ಗದವರೆಂದರೆ ಈಗಿನ ಕಾಲೇಜು ಮಕ್ಕಳು. ಬಸ್ಸು ತುಂಬಿದ್ದರೂ ಒಬ್ಬರೂ ತುಟಿಪಿಟಕ್ಕೆನ್ನುವುದಿಲ್ಲ, ಎಲ್ಲರ ಮೂಗೂ ಮೊಬೈಲಿನೊಳಗೆ. "ಹೆಣ ಸಾಗಿಸೋ ಗಾಡೀಲಾದ್ರೂ ಹಿಂದೆ ಅಳೋರ ಸದ್ದಿರುತ್ತೆ ಕಣೇ" ಎಂದು ಇವರು ಗೊಣಗುವುದುಂಟು.

ಸಂಜೆ ಟ್ರಿಪ್ ಮುಗಿದ ಮೇಲೆ ಬಸ್ಸು ನಿಲ್ಲುವುದು ನಮ್ಮ ಮನೆ ಪಕ್ಕದ ಖಾಲಿ ಜಾಗದಲ್ಲಿ. ಅಲ್ಲಿಯವರೆಗೂ ತಲೆಯೆತ್ತದೆ ಬರುವವಳು ಎರಡನೇ ವರ್ಷದ ಒಬ್ಬ ಹುಡುಗಿ. ಫೋನ್ ನೋಡುತ್ತಾ ಸ್ಟಾಪ್ ಹೋಗಿದ್ದೇ ಗೊತ್ತಾಗಲಿಲ್ಲ ಅನ್ನುತ್ತಾಳೆ. ಇವರು ಬೈಯುತ್ತಲೇ ಒಳಗೆ ಕರೆತರುತ್ತಾರೆ, ನಾನು ಟೀ ಕೊಡುತ್ತೇನೆ, ಆಮೇಲೆ ಇವರೇ ಸ್ಕೂಟರಿನಲ್ಲಿ ಬಿಟ್ಟು ಬರುತ್ತಾರೆ. ದಿನಾ ಇದೇ ಗೋಳು.

ನನ್ನ ಅಡುಗೆಮನೆಗೆ ಬಂದಳೆಂದರೆ ಆ ಫೋನು ಎಲ್ಲಿ ಬಿದ್ದಿರುತ್ತದೋ ಅವಳಿಗೇ ಗೊತ್ತಿರುವುದಿಲ್ಲ. ಅರಳು ಹುರಿದಂತೆ ಮಾತು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಾಳಂತೆ.

"ಮೊಬೈಲಲ್ಲಿ ಎಂಟುನೂರು ಜನ ಫ್ರೆಂಡ್ಸ್ ಇದಾರೆ ಆಂಟಿ. ಜ್ವರ ಬಂದಾಗ ಎಷ್ಟೊಂದು ಜನ ಹೂವಿನ ಚಿತ್ರ ಕಳಿಸಿದ್ರು ಗೊತ್ತಾ!"

"ಮಾತ್ರೆ ಯಾರು ತಂದ್ಕೊಟ್ರು?"

"ಅದನ್ನ ನಾನೇ ಹೋಗಿ ತಂದೆ."

ನಾನು ಅವಳ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದೆ.

ಇವರಿಗೋ ಅದು ಮಾನದ ಪ್ರಶ್ನೆ. "ನನ್ನ ಬಸ್ಸಲ್ಲಿ ಒಬ್ಬಳು ದಿನಾ ಸ್ಟಾಪ್ ದಾಟಿ ಬರೋದಾ? ಇವತ್ತು ನೋಡ್ತಿರು" ಎನ್ನುತ್ತಾ ಒಂದು ಬೆಳಿಗ್ಗೆ ಹೊರಟರು. ನನಗದು ಹಿಡಿಸಲಿಲ್ಲ. ಅವಳು ನೆಟ್ಟಗೆ ತನ್ನ ಸ್ಟಾಪಿನಲ್ಲಿ ಇಳಿದುಬಿಟ್ಟರೆ ನಮ್ಮನೆಗೆ ಬರುವವರು ಯಾರು? ಅವಳಿಗೆ ನಾವು, ನಮಗೆ ಅವಳು ಅಂತಾಗಿತ್ತು. ಇದು ಈ ಗಂಡಸಿನ ತಲೆಗೆ ಹೋಗಬೇಕಲ್ಲ!

ಅವತ್ತು ಇವರು ಅವಳ ಸ್ಟಾಪಿನಲ್ಲಿ ಎಂಜಿನ್ ಆಫ್ ಮಾಡಿ, ಸೀಟಿನ ತನಕ ಹೋಗಿ, ಅವಳ ಬ್ಯಾಗು ಹೆಗಲಿಗೇರಿಸಿಕೊಂಡು "ಇಳಿ ತಾಯೀ" ಎಂದು ಕೈಮುಗಿದು ನಿಂತರಂತೆ. ಮನೆಗೆ ಬಂದು ಎದೆಯುಬ್ಬಿಸಿ ಹೇಳಿದ್ದೇ ಹೇಳಿದ್ದು. ನಾನು ಮುಖ ಗಂಟಿಕ್ಕಿಕೊಂಡು ಟೀ ಲೋಟ ಕುಕ್ಕಿದೆ.

ಇವರು ಲೋಟ ಕೈಗೆತ್ತಿಕೊಂಡಿದ್ದರು ಅಷ್ಟೇ, ಬಾಗಿಲಲ್ಲಿ ಆ ಹುಡುಗಿ. ಬೆವರು ಸುರಿಯುತ್ತಿತ್ತು. ನನ್ನತ್ತ ನೋಡಲೂ ಇಲ್ಲ, ನೇರವಾಗಿ ಇವರ ಮೇಲೇ ಹರಿಹಾಯ್ದಳು.

"ಏನ್ ಅಂಕಲ್ ನೀವು! ಸ್ಟಾಪಲ್ಲೇ ಇಳಿಸ್ಬಿಟ್ರಲ್ಲ! ಅಲ್ಲಿಂದ ಇಲ್ಲಿಗೆ ನಡ್ಕೊಂಡೇ ಬರ್ಬೇಕಾಯ್ತು!"

ಇವರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ತಮ್ಮ ಲೋಟವನ್ನೇ ಅವಳತ್ತ ಸರಿಸಿದರು.

"ಕುಡಿ ಮೊದ್ಲು. ನಾಳೆಯಿಂದ ಸೀದಾ ಮನೆಗೇ ಬರ್ತೀನಿ ಅನ್ನು, ಕರ್ಕೊಂಡ್ ಬರ್ತೀನಿ. ಫೋನ್ ನೋಡೋ ನಾಟಕ ಬೇಡ."