ಹೊಳೆಗಿಲ್ಲದ ಅವಸರ

ಐವತ್ತರ ದಶಕದಲ್ಲಿ ಕೋಟೆ ಹಿಂದಿನ ಕಡವಿನಲ್ಲಿ ತುಂಗೆ ದಾಟಿಸುತ್ತಿದ್ದ ಅಂಬಿಗಜ್ಜ ಹರಿಗೋಲಿನಲ್ಲಿ ನಿಂತೇ ಹುಟ್ಟು ಹಾಕುತ್ತಿದ್ದ. ಆಚೆ ದಡದ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನಾನು ಗಡಿಯಾರ ನೋಡಿಕೊಂಡರೆ, "ಹೊಳೆಗೇ ಅವಸರ ಇಲ್ಲ, ನಿಮಗ್ಯಾಕೆ ಮೇಷ್ಟ್ರೇ?" ಎಂದು ನಡುಹೊಳೆಯಲ್ಲಿ ಹುಟ್ಟನ್ನು ನನ್ನ ಕೈಗೆ ಕೊಟ್ಟು ಬೀಡಿ ಹಚ್ಚುತ್ತಿದ್ದ.

ಭದ್ರಾವತಿಯ ಕಾರ್ಖಾನೆಗೆ ಬಂದಿದ್ದ ನನಗೆ ಪರಿಚಯವಾಗಿದ್ದ ಪರದೇಶದ ಎಂಜಿನಿಯರೊಬ್ಬರು ತಮ್ಮೂರಿಗೆ ಮರಳುವಾಗ ತಮ್ಮ ಸಪೂರ ದೋಣಿಯನ್ನು ನನಗೆ ಕೊಟ್ಟರು. ಅವರ ದೇಶದ ಹಿಮಬೆಟ್ಟಗಳ ನಡುವಿನ ಸರೋವರದಲ್ಲಿ ಒಬ್ಬರೇ ಕೂತು ನಡೆಸುವಂಥದ್ದು. ಎದ್ದು ನಿಂತರೆ ಮಗುಚುತ್ತದೆಂದು ಭದ್ರೆಯಲ್ಲಿ ಬಿದ್ದೇ ಕಲಿತಿದ್ದೆ. ಒಂದು ಭಾನುವಾರ ಅದನ್ನು ಕಡವಿಗೆ ತಂದೆ. ಅಜ್ಜ ಅದರ ಹೊಟ್ಟೆ ಸವರಿ, "ನಾನೊಂದು ಸಲ ನೋಡ್ಲಾ?" ಅಂದ. ಹ್ಞೂಂ ಅಂದೆನೇ ಹೊರತು, ಕೂತೇ ಇರಬೇಕೆಂದು ಹೇಳಲಿಲ್ಲ. ಹೊಳೆಯ ಮೇಲೆ ಬಾಳಿದವನಿಗೆ ತಾನಾಗಿ ಗೊತ್ತಾಗುತ್ತದೋ ಇಲ್ಲವೋ ನೋಡುವ ಚಪಲ.

ನಾಲ್ಕು ಮಾರು ಹೋದವನೇ ಅಭ್ಯಾಸಬಲದಿಂದ ಎದ್ದು ನಿಂತ. ದೋಣಿ ಮಗುಚಿತು. ಬಟ್ಟೆ ಒಗೆಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಜ್ಜ ದೋಣಿಯನ್ನು ಎಳೆದುಕೊಂಡೇ ಈಜಿ ಬಂದು, "ನಿಮಗೆ ಗೊತ್ತಿತ್ತಾ?" ಅಂತ ಮೆಲ್ಲಗೆ ಕೇಳಿದ. ನಾನು ತಲೆ ತಗ್ಗಿಸಿದೆ.

ಮರುದಿನವೂ ದಾಟಿಸಿದ. ನಡುಹೊಳೆಯಲ್ಲಿ ನಾನು ಬೇಕೆಂದೇ ಗಡಿಯಾರ ನೋಡಿಕೊಂಡೆ. ಬೀಡಿ ಅವನ ಕಿವಿಯ ಮೇಲೇ ಇತ್ತು, ಹುಟ್ಟು ಕೈಯಲ್ಲೇ ಇತ್ತು.

"ಬೇಗ ಮುಟ್ಟಿಸ್ತೀನಿ ಮೇಷ್ಟ್ರೇ," ಅಂದ.